ಏನು ಹೇಳಲಿ ಅವಳಿಗೆ

ಮುದುಕಿಯನ್ನು ಎಡಮಗ್ಗುಲಿಗೆ ಹೊರಳಿಸುವ ಹೊತ್ತಾಗಿತ್ತು. ಒಂದು ಕೈ ಹೆಗಲ ಕೆಳಗೆ, ಒಂದು ಕೈ ಸೊಂಟದ ಕೆಳಗೆ ತೂರಿಸಿ, ಉಸಿರು ಬಿಗಿಹಿಡಿದು, ಸ್ವಲ್ಪ ಸ್ವಲ್ಪವಾಗಿ ಹೊರಳಿಸಬೇಕು. ಅವಸರ ಮಾಡಿದರೆ ಬೆನ್ನಿನ ಚರ್ಮ ಎದ್ದು ಬರುತ್ತದೆ. ಹೋದ ತಿಂಗಳಿಗಿಂತ ಹಗುರಾಗಿದ್ದಾಳೆ ಎಂದು ಅವನ ತೋಳು ಹೇಳಿತು. ತೊಲೆಯೊಂದರ ತುದಿಯನ್ನು ಎತ್ತಿ ನೋಡಿ ಇದಿನ್ನೂ ಹಸಿ, ಇದು ಒಣಗಿದೆ ಎಂದು ಹೇಳುತ್ತಿದ್ದ ತೋಳು ಅದು. ಆ ಅಂದಾಜು ಈಗಲೂ ತಪ್ಪುವುದಿಲ್ಲ ಎನ್ನುವುದೇ ಅವನಿಗೊಂದು ಹಿಂಸೆ. ನಿನ್ನೆ ಡಾಕ್ಟರು ಹೊರಗಿನ ಕೋಣೆಯಲ್ಲಿ ದನಿ ತಗ್ಗಿಸಿ "ಇನ್ನು ಹೆಚ್ಚೆಂದರೆ ಎರಡು ವಾರ" ಎಂದದ್ದು ಮುದುಕಿಯ ಮಗನಿಗೆ, ಸೊಸೆಗೆ. ಮುದುಕಿಯನ್ನು ನೋಡಿಕೊಳ್ಳುವ ಅವನು ಆಗ ಬಾಗಿಲ ಮರೆಯಲ್ಲಿ ಚಾದರ ಮಡಿಸುತ್ತ ನಿಂತಿದ್ದ. ತನಗೆ ಹೇಳದ ಮಾತನ್ನು ಕೇಳಿಸಿಕೊಂಡು ದುಃಖಪಡುವುದಕ್ಕೆ ತನಗೆ ಹಕ್ಕಿದೆಯೋ ಇಲ್ಲವೋ ತಿಳಿಯದೆ ಅದೇ ಚಾದರವನ್ನು ಬಿಡಿಸಿ ಮತ್ತೆ ಮಡಿಸಿದ್ದ.

"ತಾತ, ನೋಯುತ್ತೆ," ಎಂದಳು ಮುದುಕಿ.

"ಆಯ್ತಮ್ಮ, ಆಯ್ತು. ಇಷ್ಟೇ."

ಅವಳಿಗೆ ಎಂಬತ್ತಾರು ವರ್ಷ, ಅವನಿಗೆ ಮೂವತ್ತೊಂದು. ಅವಳು ಅವನನ್ನು ತಾತ ಎಂದು ಕರೆಯುವುದು ಆ ಮನೆಯಲ್ಲಿ ಸವೆದುಹೋದ ತಮಾಷೆ. ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಸೊಸೆ ದಿನಾ ಬೆಳಗ್ಗೆ ಬೀಗದ ಕೈಗಾಗಿ ಚೀಲ ತಡಕುತ್ತ "ಏನ್ ತಾತ, ಮೊಮ್ಮಗಳು ಹಾಲು ಕುಡಿದ್ಲಾ?" ಎಂದು ಕೇಳುತ್ತಾಳೆ, ಉತ್ತರಕ್ಕೆ ಕಾಯುವುದಿಲ್ಲ. ಮಗ ತಮಾಷೆ ಮಾಡುವವನಲ್ಲ. ಕನ್ನಡಕದ ಅಂಗಡಿ ನಡೆಸುವ, ಅರವತ್ತು ದಾಟಿದ ಮೆತ್ತನೆಯ ಮನುಷ್ಯ. ತಾಯಿ ಹಾಗೆ ಕರೆದಾಗಲೆಲ್ಲ ನೆಲ ನೋಡಿಕೊಂಡು "ವಯಸ್ಸಾಯ್ತು ಅವರಿಗೆ, ನೀನು ಬೇಜಾರು ಮಾಡ್ಕೋಬೇಡಪ್ಪ" ಎನ್ನುತ್ತಾನೆ. ಹಾಗೆ ತಲೆ ತಗ್ಗಿಸಿದಾಗ ಅವನ ಬಲಗಿವಿ ಕಾಣುತ್ತದೆ. ಹಾಲೆಯೇ ಇಲ್ಲದೆ ನೇರ ಕೆನ್ನೆಗೆ ಹೊಲಿದ ಹಾಗಿರುವ ಕಿವಿ. ಅದು ತನ್ನ ಅಪ್ಪನ ಕಿವಿ ಎಂದು ತಾತ ಎನಿಸಿಕೊಂಡವನಿಗೆ ಗೊತ್ತು. ಮುನ್ನೂರು ವರ್ಷ ಯಾರ ಯಾರದೋ ತಲೆಯ ಮೇಲೆ ಕೂತು ಬಂದು ಈ ಬೋಳುತಲೆಯ ಪಕ್ಕದಲ್ಲಿ ನಿಂತಿದೆ. ಒಮ್ಮೆ ಮುಟ್ಟಿ ನೋಡಬೇಕು ಎನ್ನಿಸುತ್ತದೆ. ಕೆಲಸದವನು ಯಜಮಾನನ ಕಿವಿ ಮುಟ್ಟುವುದೆಂದರೆ ಏನು ಎಂದು ಯೋಚಿಸಿ, "ಇಲ್ಲ ಸಾರ್, ಬೇಜಾರೇನಿಲ್ಲ" ಎನ್ನುತ್ತಾನೆ.

ತಮಾಷೆಯಲ್ಲ, ನಿಜ ಎಂದು ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಅವನಿಗೆ ಮತ್ತು ಮುದುಕಿಗೆ. ಈ ಊರಿನ ನಡುವೆ, ಬಸ್ಸುಗಳು ಸುತ್ತು ಹಾಕಿ ತಿರುಗುವ ಜಾಗದಲ್ಲಿ, ಕೋಟೆಬಾಗಿಲಿನ ಎರಡು ಕಲ್ಲುಕಂಬಗಳು ಉಳಿದಿವೆ. ಒಂದು ಕಂಬದ ಮೇಲೆ ಹಿತ್ತಾಳೆಯ ಹಲಗೆ. ಮುತ್ತಿಗೆಯ ದಿನ ಬಾಗಿಲಿನ ಅಗುಳಿ ಮುರಿದಾಗ ಬಡಗಿಯೊಬ್ಬ ತನ್ನ ಹೆಗಲನ್ನೇ ಅಗುಳಿಯಾಗಿ ಕೊಟ್ಟು, ಒಳಗಿನ ಹೆಂಗಸರು ಮಕ್ಕಳು ಹಿಂದಿನ ದಾರಿಯಿಂದ ಪಾರಾಗುವವರೆಗೂ ಬಾಗಿಲು ಹಿಡಿದು ನಿಂತು, ಅಲ್ಲೇ ಸತ್ತನೆಂದು ಅದರಲ್ಲಿ ಬರೆದಿದೆ. ಮುನ್ನೂರು ವರ್ಷ ಹಿಂದಿನಿಂದ ಇಲ್ಲಿಗೆ ಬಂದು ಬಿದ್ದು ಎರಡು ವರ್ಷವಾದ ಮೇಲೆ, ಸಂತೆಪೇಟೆಯಲ್ಲಿ ಮೂಟೆ ಹೊತ್ತು, ಇವರ ಮಾತು ಕಲಿತು, ಇವರ ಅಕ್ಷರ ಕೂಡಿಸಿ ಓದಲು ಬಂದ ಮೇಲೆ ಅವನು ಅದನ್ನು ಓದಿದ. ಅಕ್ಷರಗಳು ಮೈ ಬದಲಾಯಿಸಿದ್ದರೂ ಒಂದು ಹೆಸರು ತಕ್ಷಣ ಗುರುತು ಸಿಕ್ಕಿತು. ತನ್ನದು. ಎರಡು ಬಸ್ಸು ಹೋಗುವಷ್ಟು ಹೊತ್ತು ನಿಂತಿದ್ದ. ಹಲಗೆ ಮಾಡಿಸಿಕೊಟ್ಟ ಮನೆತನದವರ ವಿಳಾಸ ಕೆಳಗಿತ್ತು. ಮರುದಿನ ಆ ಮನೆಯ ಮುಂದೆ ಹೋಗಿ, ಏನು ಕೇಳಬೇಕು ತಿಳಿಯದೆ, ಒಳಗೆ ಹೋಗಲೂ ಆಗದೆ ತಿರುಗಿ ಹೋಗಲೂ ಆಗದೆ ನಿಂತಿದ್ದಾಗ ಸೊಸೆ ಬಾಗಿಲು ತೆಗೆದು, "ಏಜೆನ್ಸಿಯವರು ಕಳಿಸಿದ್ದು ನಿನ್ನನ್ನೇ ತಾನೇ? ಬೆಳಗ್ಗೆ ಬಾ ಅಂದ್ರೆ ಮಧ್ಯಾಹ್ನ ಬರೋದಾ?" ಎಂದು ಗದರಿದಳು. ಅವನು ಹೌದು ಎಂದ. ಅವಳು ದಾರಿ ಬಿಟ್ಟಳು. ತನ್ನ ವಂಶದವರ ಮನೆಯೊಳಗೆ ಅವನು ಕಾಲಿಟ್ಟದ್ದು ಹಾಗೆ, ಬೈಸಿಕೊಂಡು.

ಮೂರನೆಯ ದಿನ ಮುದುಕಿ ಯಾರಿಗಾದರೂ ಹೇಳುವ ಹಾಗೆ ಅವನಿಗೂ ಆ ಬಡಗಿಯ ಕಥೆ ಹೇಳತೊಡಗಿದಳು. ಹೇಳುತ್ತ ಒಂದು ಕಡೆ ನಿಲ್ಲಿಸಿ, ಪ್ರಶ್ನೆ ಕೇಳುವ ಮುನ್ನ ತುಟಿಯನ್ನು ಎಡಕ್ಕೆ ಎಳೆದಳು. ಹಾಗೆ ತುಟಿ ಎಳೆಯುತ್ತಿದ್ದವಳು ಲೋಕದಲ್ಲಿ ಒಬ್ಬಳೇ, ಅವನ ಹೆಂಡತಿ. ಅವನ ಬಾಯಿಂದ ಆ ಹೆಸರು ಬಂದುಬಿಟ್ಟಿತು. ಹಲಗೆಯ ಮೇಲಿಲ್ಲದ, ಪುಸ್ತಕದಲ್ಲಿಲ್ಲದ, ತಾಯಿಯಿಂದ ಮಗಳಿಗೆ ಮಾತ್ರ ಬಂದಿದ್ದ ಹೆಸರು. ಮುದುಕಿ ಅವನ ಕಡೆ ಮುಖ ತಿರುಗಿಸಿದಳು. "ತಾತ, ನೀನು ಸತ್ತಿರಲಿಲ್ವ?" ಎಂದು ಕೇಳಿದಳು, ಊರಿಗೆ ಹೋದವನು ಯಾವಾಗ ಬಂದೆ ಎಂದು ಕೇಳುವ ಹಾಗೆ. ಆಗ ಅವನು ನಿಜ ಹೇಳಬಹುದಿತ್ತು. "ಬಾಗಿಲು ನನ್ನ ಮೇಲೆ ಬಿತ್ತು. ಕಣ್ಣು ಬಿಟ್ಟೆ, ಇಲ್ಲಿದ್ದೆ," ಎಂದ.

ಅಲ್ಲಿಂದ ಎರಡು ವರ್ಷ ಆ ಬಾಗಿಲು ಅವನ ಮೇಲೆ ದಿನಾ ಬಿದ್ದಿದೆ. ಹಾಲು ಕುಡಿಸುವಾಗ, ತಲೆ ಬಾಚುವಾಗ, ಅವಳು ಕೇಳಿದಾಗಲೆಲ್ಲ ಬಿದ್ದಿದೆ. "ಭಾರ ಇತ್ತಾ ತಾತ?" "ಇತ್ತಮ್ಮ." "ಭಯ ಆಯ್ತಾ?" "ಆಗಲಿಲ್ಲ." ಸುಳ್ಳು ಹೇಳುವಾಗ ತನ್ನ ದನಿ ಎಷ್ಟು ಗಂಭೀರವಾಗಿ, ಎಷ್ಟು ಸೌಮ್ಯವಾಗಿ ಬರುತ್ತದೆ ಎಂದು ಕೇಳಿಸಿಕೊಂಡು ಅವನಿಗೆ ಅಸಹ್ಯವಾಗುತ್ತಿತ್ತು. ನಿಜ ಹೇಳುವಾಗ ಅವನು ತೊದಲುತ್ತಿದ್ದ. ತರಕಾರಿ ತಂದ ಚಿಲ್ಲರೆ ಒಪ್ಪಿಸುವಾಗಲೂ ಕಳ್ಳನ ಹಾಗೆ ತೊದಲುತ್ತಿದ್ದ.

ಆ ಅಗುಳಿಯನ್ನು ಮಾಡಿದವನು ಅವನೇ. ಮರ ಹಸಿಯಾಗಿತ್ತು. ಇನ್ನೊಂದು ಬೇಸಗೆ ಕಾಯಬೇಕಿತ್ತು, ಅವಸರ ಮಾಡಿದರು, ಅವನೂ ಹೂಂ ಎಂದ. ಮುತ್ತಿಗೆಗೆ ಎಂಟು ದಿನ ಮೊದಲು ಅದರ ನಡುವೆ ಕೂದಲೆಳೆಯಂಥ ಸೀಳು ಕಂಡಿತು. ಹೆಬ್ಬೆರಳಿನ ಉಗುರು ಹಾಕಿ ನೋಡಿದ, ಉಗುರು ಇಳಿಯಿತು. ಕಾವಲು ನಾಯಕನಿಗೆ ಹೇಳಬೇಕಿತ್ತು. ಹಿಂದಿನ ತಿಂಗಳಷ್ಟೇ ಆ ನಾಯಕ ಹತ್ತು ಜನರ ಮುಂದೆ ಅವನು ಮಾಡಿದ ಕುರ್ಚಿಯ ಮೇಲೆ ಕೂತು, ಅದು ಕಿರುಗುಟ್ಟಿದ್ದಕ್ಕೆ, "ನಿನ್ನ ಹೆಂಡತಿಯ ಹೆರಿಗೆಗೆ ಇದನ್ನೇ ಇಟ್ಕೋ, ಕೂಗೋಕೆ ಜೊತೆ ಆಗುತ್ತೆ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಮತ್ತೆ ನಗೆಪಾಟಲಾಗಲು ಮನಸ್ಸಾಗದೆ ಸೀಳಿನ ಮಾತು ಹೇಳಲಿಲ್ಲ. ಅರಗು ಕರಗಿಸಿ ಸೀಳಿಗೆ ತುಂಬಿ, ಮೇಲೆ ಎಣ್ಣೆ ಸವರಿದ. ಚೆನ್ನಾಗಿಯೇ ಸವರಿದ, ಅಷ್ಟು ಒಳ್ಳೆಯ ಕೆಲಸ ಅವನು ಅದಕ್ಕೆ ಮೊದಲು ಮಾಡಿರಲಿಲ್ಲ. ಎಂಟನೆಯ ದಿನ ಹೊರಗಿನವರು ಬಾಗಿಲಿಗೆ ಮರದ ದಿಮ್ಮಿ ಹಾಯಿಸತೊಡಗಿದಾಗ ನಾಯಕ "ಇನ್ನೊಂದು ತೊಲೆ ತಗೊಂಬಾ, ಓಡು" ಎಂದ. ಅವನು ಓಡಿದ. ಬೀದಿಯಲ್ಲಿ ಹೆಂಗಸರು ಸಾಲಾಗಿ ಕಲ್ಲು ಸಾಗಿಸುತ್ತಿದ್ದರು, ಅವರ ನಡುವೆ ಏಳು ತಿಂಗಳ ಹೊಟ್ಟೆ ಹೊತ್ತ ಅವನ ಹೆಂಡತಿ. "ಬೇಗ ಬಾ," ಎಂದಳು. "ಬಂದೆ," ಎಂದ. ಎಂಥ ಮಾತು ಅದು. ಹೋಗುತ್ತಿರುವವನು ಬಂದೆ ಎನ್ನುತ್ತಾನೆ, ಎಲ್ಲರೂ ನಂಬುತ್ತಾರೆ. ಮರ ಒಟ್ಟಿದ್ದ ಅಟ್ಟಣೆಯ ಮುಂದೆ, ತೊಲೆಯ ಮೇಲೆ ಕೈ ಇಟ್ಟಿದ್ದಾಗಲೇ ಆ ಸದ್ದು ಕೇಳಿತು. ಬೇರೆಯವರಿಗೆ ಅದು ನೂರು ಸದ್ದುಗಳಲ್ಲಿ ಒಂದು. ಅವನಿಗೆ ಮಾತ್ರ ಮರ ಎಲ್ಲಿಂದ ಎಲ್ಲಿಗೆ ಸೀಳಿತು ಎಂದು ಕಣ್ಣಿಗೆ ಕಟ್ಟಿತು. ಅಟ್ಟಣೆಯ ಹಿಂದೆ ಕೊಳಚೆನೀರು ಗೋಡೆಯಾಚೆ ಹೋಗುವ ಮೋರಿ ಇತ್ತು. ಒಳಗೆ ಇಳಿದ. ಮೊಣಕಾಲೂರಿ, ಕಿವಿ ಮುಚ್ಚಿಕೊಂಡು, ಒಂದು ಗಳಿಗೆ ಮಾತ್ರ, ಈ ಸದ್ದು ನಿಂತ ಕೂಡಲೇ ಹೋಗುತ್ತೇನೆ ಎಂದುಕೊಂಡು ಮುಂದೆ ಮುಂದೆ ತೆವಳಿದ. ಆಚೆ ತುದಿಯಲ್ಲಿ ತಲೆ ಹೊರಗೆ ಹಾಕಿದಾಗ ಗೋಡೆ ಇರಲಿಲ್ಲ. ಹಗಲಿತ್ತು, ಕಲ್ಲು ಹಾಸಿದ ಬೀದಿ ಇತ್ತು, ಒಬ್ಬ ಹೆಂಗಸು ನಾಯಿಗೆ ಹಗ್ಗ ಕಟ್ಟಿ ನಡೆಸಿಕೊಂಡು ಹೋಗುತ್ತಿದ್ದಳು. ಅದೇ ಮೋರಿಯಲ್ಲಿ ಅವನು ಎಷ್ಟು ಸಲ ವಾಪಸು ತೆವಳಿದನೋ. ಅದರ ಆ ತುದಿಯಲ್ಲಿ ಈಗ ಸಿಮೆಂಟು.

"ತಾತ, ನಿದ್ದೆ ಮಾಡ್ತಿದೀಯಾ?"

"ಇಲ್ಲಮ್ಮ." ಅವನು ಸ್ಟೂಲನ್ನು ಮಂಚದ ಹತ್ತಿರ ಎಳೆದುಕೊಂಡ. ಅವತ್ತು ಅಂಚೆ ಕಚೇರಿಗೆ ಅರ್ಧ ದಿನ, ಸೊಸೆ ಎರಡು ಗಂಟೆಗೆ ಬರುವವಳು. ಮಗ ಅಂಗಡಿಯಲ್ಲಿದ್ದ. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಇವರಿಬ್ಬರೇ.

"ಡಾಕ್ಟರು ಏನಂದ್ರು ನಿನ್ನೆ?"

"ಮಾತ್ರೆ ಬದಲಾಯಿಸ್ತೀನಿ ಅಂದ್ರು."

ಮುದುಕಿ ನಕ್ಕಳು. "ನಿನಗೆ ಸುಳ್ಳು ಹೇಳೋಕೆ ಬರಲ್ಲ ತಾತ." ಹಾಗೆ ಹೇಳಿ ಹೊದಿಕೆಯ ಅಂಚಿನಿಂದ ಕೈ ಹೊರಗೆ ತೆಗೆದು ಅವನ ಕೈಮೇಲೆ ಇಟ್ಟಳು. ತೂಕವೇ ಇಲ್ಲದ ಕೈ. ತಾನು ನೋಡದೇ ಹೋದ ಮಗು ಹುಟ್ಟಿ, ಬೆಳೆದು, ಹೆತ್ತು, ಸತ್ತು, ಅದರ ಮಕ್ಕಳ ಮಕ್ಕಳು ಹೆತ್ತು ಸತ್ತು, ಉಳಿದಿರುವ ಎಲ್ಲರಲ್ಲಿ ಆ ಮಗುವಿಗೆ ಅತಿ ಹತ್ತಿರದವಳು ಇವಳು ಎಂದು ಅವನು ಲೆಕ್ಕ ಹಾಕಿಕೊಂಡಿದ್ದ. ಆ ಮಗುವಿಗೆ ಮಾಡದೇ ಹೋದದ್ದನ್ನೆಲ್ಲ, ಎತ್ತಿಕೊಳ್ಳುವುದು, ಬಾಯಿ ಒರೆಸುವುದು, ರಂಪ ಮಾಡಿದರೆ ರಮಿಸುವುದು, ಎಲ್ಲವನ್ನೂ ಈ ಮುದಿಮೈಗೆ ಮಾಡಿದ್ದ. ಸುಖಪಟ್ಟಿದ್ದ ಕೂಡ. ಅದೂ ಒಂದು ಕಳ್ಳತನ ಎನ್ನಿಸುತ್ತಿತ್ತು.

"ನಾನು ಅಲ್ಲಿಗೆ ಹೋದ್ರೆ ಅವಳು ಸಿಕ್ತಾಳಲ್ವ?" ಎಂದಳು.

"ಯಾರು?"

"ನಿನ್ನ ಹೆಂಡತಿ. ನಮ್ಮೆಲ್ಲರ ಅಜ್ಜಿ." ತುಟಿ ಎಡಕ್ಕೆ ಎಳೆದಳು. "ಏನು ಹೇಳಲಿ ಅವಳಿಗೆ? ತಾತ ಸಿಕ್ಕಿದ್ದ ಅಂತೀನಿ. ಎರಡು ವರ್ಷ ನನ್ನನ್ನ ಚೆನ್ನಾಗಿ ನೋಡ್ಕೊಂಡ ಅಂತೀನಿ. ಇನ್ನೇನು ಹೇಳಬೇಕು ಹೇಳು. ಮರೀದೆ ಹೇಳ್ತೀನಿ."

ಅಲ್ಲಿಗೆ ಹೋಗುವವರು ಒಬ್ಬರು ಸಿಕ್ಕಿದ್ದಾರೆ, ಮಾತು ತಲುಪಿಸುತ್ತೇನೆ ಎನ್ನುತ್ತಿದ್ದಾರೆ. ಅಂಥದೊಂದು ಇದೆಯೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಮೋರಿಯ ಆಚೆ ಹೀಗೊಂದು ಊರಿದೆ ಎಂದೂ ಗೊತ್ತಿರಲಿಲ್ಲ. ನೆನಪು ಮಾಡಿಕೊಳ್ಳುತ್ತಾನೆ ಅಂತ ಹೇಳು ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹೆಂಡತಿ ಎದುರಿಗೆ ನಿಂತು ಈ ಮುದುಕಿಯ ಬಾಯಿಂದ ಬಾಗಿಲಿನ ಕಥೆ, ಭಾರದ ಕಥೆ, ಭಯವಾಗಲಿಲ್ಲ ಎಂದ ಕಥೆ ಕೇಳುತ್ತಿರುವುದು ಕಣ್ಣಿಗೆ ಬಂತು. ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡು ನಿಂತು, ಪೂರ್ತಿ ಕೇಳುವುದು. ಉಳಿದವರಿಗೆಲ್ಲ ಹೇಳಿಕೊಂಡು ಬಂದದ್ದನ್ನೇ ಅವಳಿಗೂ ಹೇಳಿಕಳಿಸುವುದಕ್ಕೆ ಅವನ ನಾಲಿಗೆ ಏಳಲಿಲ್ಲ.

"ಅವಳಿಗೆ ಹೇಳು," ಎಂದ. ತೊದಲು ಬಂತು. "ನಾನು ಬಾಗಿಲಲ್ಲಿ ಇರಲಿಲ್ಲ ಅಂತ ಹೇಳು. ಮೋರಿಯಲ್ಲಿದ್ದೆ. ಅಗುಳಿ ಸೀಳಿತ್ತು, ನನಗೆ ಗೊತ್ತಿತ್ತು, ಮುಚ್ಚಿಟ್ಟೆ. ತೊಲೆ ತರೋಕೆ ಹೋದವನು ಬಚ್ಚಿಟ್ಕೊಂಡೆ. ಬಂದೆ ಅಂದಿದ್ದೆ ಅವಳಿಗೆ, ಬರಲಿಲ್ಲ. ಇಷ್ಟು ಹೇಳಿದ್ರೆ ಸಾಕು."

ಎದೆಯ ಮೇಲಿಂದ ಏನೋ ಸರಿದಂತಾಯಿತು. ಎಷ್ಟು ಸುಲಭವಾಗಿತ್ತು, ನಾಲ್ಕು ಮಾತು. ಕಣ್ಣೆತ್ತಿ ನೋಡಿದಾಗ ಮುದುಕಿ ಸೂರನ್ನು ನೋಡುತ್ತಿದ್ದಳು. ಏನನ್ನೋ ಮನಸ್ಸಿನಲ್ಲೇ ಕೂಡಿಸಿ ಕಳೆಯುತ್ತಿರುವ ಹಾಗಿತ್ತು.

"ಹಾಗಾದ್ರೆ ಅವಳು ಸುಳ್ಳು ಹೇಳಿದ್ಲಾ?" ಎಂದಳು ಕೊನೆಗೆ. "ನಮ್ಮಮ್ಮಂಗೆ ಅವರಮ್ಮ ಹೇಳಿದ್ದು, ಅವರಿಗೆ ಅವರಮ್ಮ ಹೇಳಿದ್ದು. ಮೊದಲು ಹೇಳಿದೋಳು ಅವಳೇ. ನನ್ನ ಗಂಡ ಬಾಗಿಲಲ್ಲಿ ಸತ್ತ ಅಂತ."

"ಅವಳಿಗೆ ಗೊತ್ತಿರಲಿಲ್ಲಮ್ಮ."

"ಅವಳಿಗೆ ಗೊತ್ತಿತ್ತು. ಅವಳು ಸುಳ್ಳು ಹೇಳೋಳಲ್ಲ." ಕೈ ಅವನ ಕೈಮೇಲಿಂದ ಸರಿದು ಹೊದಿಕೆಯೊಳಗೆ ಹೋಯಿತು. ಕುತ್ತಿಗೆ ತಿರುಗಿಸಿ ಅವನ ಮುಖ ನೋಡಿದಳು. ಅದು ಸಿಟ್ಟಾಗಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಬಸ್ಸಿನಲ್ಲಿ ಪಕ್ಕ ಬಂದು ಕೂತವನನ್ನು ನೋಡುವ ನೋಟ ಅದು. "ನೀವು ಯಾರು?"

ಹಾಲು ತಂದ, ಅವಳು ಬಾಯಿ ತೆರೆಯಲಿಲ್ಲ. ದಿಂಬು ಸರಿಮಾಡಲು ಬಾಗಿದ, "ಬೇಡ, ನಮ್ಮ ಮನೆಯವರು ಬರ್ತಾರೆ" ಎಂದಳು, ಮರ್ಯಾದೆಯಿಂದಲೇ. ಎರಡು ವರ್ಷದಲ್ಲಿ ಅವಳು ಅವನಿಗೆ ನೀವು ಎಂದಿರಲಿಲ್ಲ. ಮಾತ್ರೆಯ ಹೊತ್ತು ಮೀರಿತು. ಅವನು ಅಡುಗೆಮನೆಗೆ ಹೋಗಿ ಲೋಟ ತೊಳೆದ, ತೊಳೆದದ್ದನ್ನೇ ತೊಳೆದ, ನಲ್ಲಿ ನಿಲ್ಲಿಸಿ ಅವಳು ಕರೆಯುತ್ತಾಳೇನೋ ಎಂದು ಕೇಳಿಸಿಕೊಂಡ. ಕರೆಯಲಿಲ್ಲ. ಹೇಳಿಬಿಟ್ಟೆನಲ್ಲ ಎಂಬ ಹಗುರ ಇನ್ನೂ ಮೈಯಲ್ಲಿತ್ತು. ಆ ಹಗುರ ಯಾರಿಗಾಗಿ ಎಂದು ಕೇಳಿಕೊಂಡ. ಸಾಯುವವಳ ತಲೆಯ ಮೇಲೆ ತನ್ನ ಹೊರೆ ಇಳಿಸಿ ಬಂದು ಲೋಟ ತೊಳೆಯುತ್ತಿದ್ದೇನೆ ಎಂದು ಅನ್ನಿಸಿದಾಗ ಅದೂ ಹೋಯಿತು.

ಸೊಸೆ ಎರಡು ಗಂಟೆಗೆ ಬಂದವಳು ಅತ್ತೆಯ ಕೋಣೆಗೆ ಹೋಗಿ, ಸ್ವಲ್ಪ ಹೊತ್ತಿಗೆ ಹೊರಬಂದು ಬಾಗಿಲು ಮುಂದೆ ಮಾಡಿದಳು.

"ಏನು ಹೇಳಿದೆ ಅವರಿಗೆ?"

"ಏನಿಲ್ಲ ಅಮ್ಮ. ಕೇಳಿದ್ರು, ಹೇಳಿದೆ."

"ಯಾರೋ ಗೊತ್ತಿಲ್ಲದ ಗಂಡಸು ಮನೆಯೊಳಗಿದಾನೆ ಅಂತಾರೆ. ತಾತ ಅಲ್ವಾ ಅಂದ್ರೆ, ತಾತ ಅಲ್ಲ, ತಾತನ ಮೇಲೆ ಇಲ್ಲದ್ದು ಹೇಳ್ತಾನೆ ಅಂತಾರೆ. ಬೆಳಗ್ಗಿನಿಂದ ಒಂದು ಹನಿ ನೀರು ಇಳಿದಿಲ್ಲ ಗಂಟಲಲ್ಲಿ." ಅವಳು ಅಳುವವಳಲ್ಲ, ಆದರೆ ಮೂಗು ಕೆಂಪಾಗಿತ್ತು. "ಎರಡು ವರ್ಷ ತಾತ ಆಗಿದ್ದೆ. ಇನ್ನೆರಡು ವಾರ ಆಗಿರೋಕೆ ಏನಾಗಿತ್ತು ನಿನಗೆ?"

ಅವನು ತೊಳೆದಿಟ್ಟ ಲೋಟವನ್ನು ಮತ್ತೆ ಒರೆಸಿದ.

"ನಾವೆಲ್ಲ ಇಷ್ಟು ವರ್ಷ ಅವರ ಹತ್ರ ಇದ್ದೀವಿ, ಒಬ್ಬರ ಕೈಲೂ ಹಾಗೆ ಊಟ ಮಾಡಿದೋರಲ್ಲ. ನೀನು ಕೊಟ್ರೆ ಮಗು ಥರ ತಿನ್ನೋರು. ಹೋಗು, ಒಳಗೆ ಹೋಗಿ ನಾನೇ ನಿಮ್ಮ ತಾತ ಅಂತ ಹೇಳು. ತಮಾಷೆ ಮಾಡಿದೆ ಅನ್ನು, ಏನಾದ್ರೂ ಅನ್ನು. ನಿನಗೇನು ಹೊಸದಾ ಇದು?"

ಅವನು ಒಳಗೆ ಹೋದ. ಹೊಸ್ತಿಲು ದಾಟಿ ಎರಡು ಹೆಜ್ಜೆಗೆ ನಿಂತ. ಇಷ್ಟು ದಿನ ಆ ಮಾತನ್ನು ಅವನು ತಾನಾಗಿ ಒಮ್ಮೆಯೂ ಹೇಳಿರಲಿಲ್ಲ, ಅವಳು ಕರೆದಿದ್ದಳು, ಅವನು ಓಗೊಟ್ಟಿದ್ದ. ಈಗ ಹೇಳಲು ಹೊರಟರೆ ಮುಖಕ್ಕೆ ರಕ್ತ ನುಗ್ಗಿತು. ಕದ್ದ ವಸ್ತುವನ್ನು ನನ್ನದೇ ಎಂದು ವಾದಿಸುವವನ ಹಾಗೆ.

"ಅಮ್ಮಾ, ನಾನೇ. ನಾನೇ ನಿಮ್ಮ ತಾತ."

ಮುದುಕಿ ಕಣ್ಣು ಬಿಟ್ಟಳು. ನೋಡಿದಳು. ಅವಳ ಮುಖದಲ್ಲಿ ಮರುಕ ಬಂತು, ದೊಡ್ಡವರಿಗೆ ಚಿಕ್ಕವರ ಮೇಲೆ ಬರುವಂಥದು.

"ನಿಂತೇ ಇದ್ದೀರಲ್ಲ, ಕೂತ್ಕೊಳ್ಳಿ," ಎಂದಳು. ಅವನು ಸ್ಟೂಲಿನ ಮೇಲೆ ಕೂತ. "ಯಾರನ್ನ ಹುಡುಕ್ಕೊಂಡು ಬಂದ್ರಿ?"

"ನಮ್ಮ ಮನೆಯವರನ್ನ."

"ಈ ಬೀದಿಯಲ್ಲಾ?" ಅವಳು ಪ್ರಾಮಾಣಿಕವಾಗಿ ಯೋಚಿಸಿದಳು. "ಪಕ್ಕದ್ದು ದರ್ಜಿ ಮನೆ. ಆಚೆ ಮನೆ ಖಾಲಿ. ಇಲ್ಲಪ್ಪ, ನೀವು ಹೇಳೋರು ಯಾರೂ ಇಲ್ಲಿಲ್ಲ. ಇದು ನಮ್ಮ ಮನೆ. ನಮ್ಮ ತಾತನ ಹೆಸರು ಕಂಬದ ಮೇಲೆ ಬರೆಸಿದೀವಿ, ಓದಿರಬೇಕು ನೀವು."

"ಓದಿದೀನಿ."

"ಅದರಲ್ಲಿ ಪೂರ್ತಿ ಇಲ್ಲ." ಅಪರಿಚಿತನೊಬ್ಬ ಸಿಕ್ಕಿದ್ದು ಅವಳಿಗೆ ಸಮಾಧಾನವೇ ಆದಂತಿತ್ತು, ತಾತನ ಎದುರು ಆಡಬಾರದೆಂದು ಬಿಗಿಹಿಡಿದಿದ್ದನ್ನು ಇವನೆದುರು ಆಡಬಹುದಿತ್ತು. "ಎಲ್ಲ ಮುಗಿದ ಮೇಲೆ ಅಜ್ಜಿ ವಾಪಸು ಬಂದ್ಲಂತೆ, ಹೊಟ್ಟೆ ಹೊತ್ಕೊಂಡು. ಮೂರು ದಿನ ಹುಡುಕಿದ್ಲಂತೆ. ಬಾಗಿಲ ಕೆಳಗೆ ಒಬ್ಬ ಇದ್ದ. ಮುಖ ಉಳಿದಿರಲಿಲ್ಲ. ಇದು ಯಾರೋ ಗೊತ್ತಾಗಲ್ಲ, ಬಿಡು ತಾಯಿ ಅಂದ್ರಂತೆ ಎಲ್ಲ. ಇವಳು ನೀರು ತರಿಸಿ ಕಾಲು ತೊಳೆದ್ಲು. ಒಂದೊಂದೇ ಬೆರಳು ಹಿಡಿದು, ಎಣಿಸಿ, ಹತ್ತೂ ಬೆರಳು ತೊಳೆದ್ಲು. ಎದ್ದು ನಿಂತು, ಇವನೇ ನನ್ನ ಗಂಡ, ಮಣ್ಣು ಮಾಡಿ ಅಂದ್ಲು. ಆಮೇಲೆ ಯಾವತ್ತೂ ಅತ್ತಿಲ್ಲವಂತೆ."

ಅವನಿಗೆ ಹದಿನೈದು ವರ್ಷವಾಗಿದ್ದಾಗ ಮರ ಕೆತ್ತುವ ಬಾಚಿ ಜಾರಿ ಎಡಗಾಲಿನ ಕಿರುಬೆರಳು ಬುಡಸಮೇತ ಹೋಗಿತ್ತು. ಮದುವೆಯಾದ ಹೊಸದರಲ್ಲಿ ಅವಳು ಆ ಖಾಲಿ ಜಾಗಕ್ಕೆ ತನ್ನ ಹೆಬ್ಬೆರಳು ಒತ್ತಿ, ಇಲ್ಲಿ ನನಗೊಂದು ಮನೆ ಕಟ್ಟಿಕೊಡು ಎನ್ನುತ್ತಿದ್ದಳು. ಎಣಿಸಿದಳು. ಒಂಬತ್ತಕ್ಕೆ ನಿಲ್ಲಬೇಕಾದಲ್ಲಿ ನಿಲ್ಲದೆ ಹತ್ತನೆಯದನ್ನೂ ಹಿಡಿದು ತೊಳೆದಳು. ಕೈಯಲ್ಲಿ ಆ ಹತ್ತನೆಯ ಬೆರಳು ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದಳೋ. ಬಾಗಿಲು ಬಿಟ್ಟು ಹೋಗದೆ ಸತ್ತ ಯಾರೋ ಒಬ್ಬನಿಗೆ ಗಂಡನ ಹೆಸರು ಕೊಟ್ಟಳು, ಆ ಸತ್ತವನ ಹೆಂಡತಿಯಾದಳು, ಮಗುವಿಗೆ ಅವನನ್ನೇ ಅಪ್ಪನನ್ನಾಗಿ ಮಾಡಿದಳು. ಗೊತ್ತಿದ್ದೇ ಮಾಡಿದಳು. ಹೇಳಿಕಳಿಸಬೇಕಾದ್ದೇನೂ ಉಳಿದಿರಲಿಲ್ಲ, ಅವನು ಮೋರಿಯಿಂದ ತಲೆ ಹೊರಗೆ ಹಾಕಿದ ಗಳಿಗೆಗೇ ಅವಳ ಉತ್ತರ ಮುನ್ನೂರು ವರ್ಷ ಹಳೆಯದಾಗಿತ್ತು.

"ಹೆಂಡತಿ ಅಂದ ಮೇಲೆ ಗಂಡನ ಕಾಲು ಗೊತ್ತಾಗಲ್ವ?" ಎಂದು ಕೇಳಿದಳು ಮುದುಕಿ. "ನೀವೇ ಹೇಳಿ."

ಕಾಲು ಮುಂದೆ ಚಾಚಿದ್ದರೆ ಅವಳಿಗೆ ಕಾಣುತ್ತಿತ್ತು. ಕಂಡರೂ ಏನೂ ಅರ್ಥವಾಗುತ್ತಿರಲಿಲ್ಲ. ಆ ಪಾದ ಯಾರದೆಂದು ಹೇಳಬಲ್ಲವಳು ಒಬ್ಬಳಿದ್ದಳು, ಅವಳು ಹೇಳಿಯಾಗಿತ್ತು. ಅವನು ಎಡಗಾಲನ್ನು ಸ್ಟೂಲಿನ ಕೆಳಗೆ ಎಳೆದುಕೊಂಡ.

"ಗೊತ್ತಾಗುತ್ತೆ," ಎಂದ.

"ಅದೇ ಮತ್ತೆ," ಎಂದು ಮುದುಕಿ ನೆಮ್ಮದಿಯಿಂದ ಕಣ್ಣು ಮುಚ್ಚಿದಳು. ಬಾಗಿಲಲ್ಲಿ ಹಾಲಿನ ಲೋಟ ಹಿಡಿದು ನಿಂತಿದ್ದ ಸೊಸೆ ಹುಬ್ಬು ಹಾರಿಸಿ, ಆಯ್ತಾ ಎಂದು ಸನ್ನೆಯಲ್ಲೇ ಕೇಳಿದಳು. ಅವನು ಆಯಿತು ಎಂದು ತಲೆಯಾಡಿಸಿ, ಅವಳಿಗೆ ಕೂರಲು ಜಾಗ ಬಿಟ್ಟು ಎದ್ದ.